ಅಲ್ಲ್ ಗಾಳಿ ಹ್ಯಾಂಗಿತ್ತ್?

ನಾನು ಮತ್ತು ಅಪ್ಪಯ್ಯ ಫೋನಿನಲ್ಲಿ ಮಾತಾಡುವ ಸರಾಸರಿ ಅವಧಿ ನಲವತ್ತು ಸೆಕೆಂಡು. ಬಾಯಿಗೆ ಬಂದ ಲೆಕ್ಕ ಅಲ್ಲ, ಕಾಲ್ ಲಾಗ್ ನೋಡಿಯೇ ಹೇಳ್ತಿದ್ದೇನೆ.

"ಉಂಡ್ಯಾ?"

"ಉಂಡೆ."

"ಕೆಲ್ಸ?"

"ಅಡ್ಡಿಲ್ಲೆ."

"ಹಾಂ. ಅಮ್ಮಂಗೆ ಕೊಡ್ತೆ."

ಮುಗೀತು. ಬೆಂಗಳೂರಿಗೆ ಬಂದ ಹನ್ನೊಂದು ವರ್ಷವೂ ಇದೇ ಸ್ಕ್ರಿಪ್ಟು. ನಮ್ಮ ನಡುವೆ ಜಗಳವಿಲ್ಲ, ಮುನಿಸಿಲ್ಲ. ಮಾತಾಡೋಕೆ ವಿಷಯ ಇಲ್ಲ, ಅಷ್ಟೇ. ಗಂಗೊಳ್ಳಿಯಲ್ಲಿ ನಾಡದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದವರು ನಾನು ಏಳನೇ ಕ್ಲಾಸಿನಲ್ಲಿದ್ದಾಗ ಕಡಲಿಗೆ ಇಳಿಯುವುದನ್ನೇ ಬಿಟ್ಟು, ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಯಾಕೆ ಬಿಟ್ಟರು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಯಾರೂ ಮಾತಾಡುತ್ತಿರಲಿಲ್ಲ. ನಾನು ಓದಿ ಎಂಜಿನಿಯರ್ ಆಗಿ, ಅವರಿಗೆ ಎಷ್ಟು ಸಲ ಹೇಳಿದರೂ ಅರ್ಥವಾಗದ ಒಂದು ಕೆಲಸ ಹಿಡಿದೆ. ಯಾವ ಯಂತ್ರದ ಯಾವ ಬಿಡಿಭಾಗ ಯಾವ ತಿಂಗಳು ಎಷ್ಟು ಬೇಕಾಗಬಹುದು ಅಂತ ಮೊದಲೇ ಲೆಕ್ಕ ಹಾಕಿ ಹೇಳುವ ಸಾಫ್ಟ್‌ವೇರ್ ನಮ್ಮದು. ಅಂದರೆ ನಾನೂ ಒಂದು ತರಹದ ಮುನ್ಸೂಚನೆಯವನೇ, ಎಸಿ ರೂಮಿನಲ್ಲಿ ಕೂತವನು.

2019ರ ಜನವರಿಯಲ್ಲಿ ಆ ಕೆಲಸದ ಮೇಲೆ ಮೂರು ತಿಂಗಳು ಶೆಟ್ಲೆಂಡ್‌ಗೆ ಕಳಿಸಿದರು. ಆನ್‌ಸೈಟ್ ಅಂದಾಗ ಲಂಡನ್, ಹೆಚ್ಚೆಂದರೆ ಅಬರ್ಡೀನ್ ಅಂದುಕೊಂಡಿದ್ದೆ. ಅಬರ್ಡೀನ್‌ಗೆ ಹೋಗಿ ಅಲ್ಲಿಂದ ರಾತ್ರಿ ಹಡಗು ಹತ್ತಿದರೆ ಹನ್ನೆರಡು ಗಂಟೆಯ ಮೇಲೆ ಪಯಣ, ಬೆಳಿಗ್ಗೆ ಲರ್ವಿಕ್. ಅಕ್ಷಾಂಶ 60 ಡಿಗ್ರಿ ಉತ್ತರ. ಅಲ್ಲಿಂದ ಅಬರ್ಡೀನ್ ಎಷ್ಟು ದೂರವೋ ನಾರ್ವೆಯ ಬರ್ಗೆನ್ನೂ ಹೆಚ್ಚುಕಡಿಮೆ ಅಷ್ಟೇ ದೂರ. ಬ್ರಿಟನ್ನಿನ ನಕಾಶೆಗಳಲ್ಲಿ ಜಾಗ ಸಾಲದೆ ಈ ದ್ವೀಪಗಳನ್ನು ಕಿತ್ತು ಒಂದು ಪೆಟ್ಟಿಗೆಯೊಳಗಿಟ್ಟು ಪಕ್ಕದಲ್ಲಿ ಅಂಟಿಸುತ್ತಿದ್ದರಂತೆ. ಅಲ್ಲಿನ ಜನಕ್ಕೆ ಇದರ ಮೇಲೆ ಎಷ್ಟು ಸಿಟ್ಟಿತ್ತೆಂದರೆ, 2018ರಲ್ಲಿ ಸ್ಕಾಟ್ಲೆಂಡಿನ ದ್ವೀಪಗಳಿಗಾಗಿಯೇ ಒಂದು ಕಾನೂನು ಬಂದಾಗ, ಸರ್ಕಾರಿ ನಕಾಶೆಯಲ್ಲಿ ಶೆಟ್ಲೆಂಡನ್ನು ಅದು ಇರುವ ಜಾಗದಲ್ಲೇ ತೋರಿಸಬೇಕು ಅನ್ನೋದನ್ನೂ ಅದರಲ್ಲಿ ಸೇರಿಸಿದರು.

ತಲುಪಿದ ದಿನ ಮನೆಗೆ ಫೋನ್ ಮಾಡಿದೆ. ಅಪ್ಪಯ್ಯ ಎತ್ತಿದರು. "ಉಂಡ್ಯಾ" ಆಯಿತು. ಅಮ್ಮನಿಗೆ ಕೊಡುವ ಹೊತ್ತಿಗೆ ಸ್ವಲ್ಪ ತಡೆದರು.

"ಅದೆಂತ ಸದ್ದ್?"

"ಗಾಳಿ, ಅಪ್ಪಯ್ಯ."

"ಅಲ್ಲ್ ಗಾಳಿ ಹ್ಯಾಂಗಿತ್ತ್? ಯಾವ್ ಬದಿದ್?"

ನಾನು ಫೋನಿನಲ್ಲಿ ಆ್ಯಪ್ ತೆರೆದು ಗಂಟೆಗೆ ಇಷ್ಟು ಮೈಲಿ ಅಂತ ಓದತೊಡಗಿದೆ. "ಫೋನ್ ಎಂತ ಕಾಂತೆ? ಬಾಗ್ಲ್ ತೆಗ್ದ್ ಕಾಣ್" ಅಂದರು. ತೆಗೆದೆ. ಬಾಗಿಲು ನನ್ನ ಕೈಯಿಂದ ಕಿತ್ತುಕೊಂಡು ಹೋಗಿ ಗೋಡೆಗೆ ಬಡಿಯಿತು. ಆದರೆ ಮೂಡು ಯಾವುದು, ಪಡು ಯಾವುದು? ಬೆಳಿಗ್ಗೆ ಒಂಬತ್ತಾದರೂ ಸರಿಯಾಗಿ ಬೆಳಕು ಹರಿಯದ, ಮಧ್ಯಾಹ್ನ ಮೂರೂವರೆಗೆ ಕತ್ತಲಾಗುವ ಊರಿನಲ್ಲಿ ನಾನು ಇನ್ನೂ ಸೂರ್ಯನನ್ನೇ ನೋಡಿರಲಿಲ್ಲ. "ಗೊತ್ತಿಲ್ಲೆ" ಅಂದೆ. ಆ ಕಡೆಯಿಂದ ಒಂದು ಉಸಿರು ಕೇಳಿಸಿತು. ಕಡಲಿನವನ ಮಗ ಅಂತ ಹೇಳಿಕೊಂಡು ತಿರುಗುತ್ತಿದ್ದವನಿಗೆ ಸಾಕಷ್ಟು ಅವಮಾನವಾಯಿತು.

ಬಾಗಿಲಿನ ಸದ್ದಿಗೆ ಮೇಲಿನಿಂದ ಇಳಿದು ಬಂದವರು ಓನರ್. ಬೆಂಗಳೂರಿನ ಅಭ್ಯಾಸದಲ್ಲಿ ನಾನು ಮನಸ್ಸಿನಲ್ಲೇ ಅವರಿಗೆ ಓನರ್ ಅಂತ ಹೆಸರಿಟ್ಟಿದ್ದೆ. ಎಪ್ಪತ್ತು ದಾಟಿದ ಮನುಷ್ಯ, ಹೆಂಡತಿ ತೀರಿಕೊಂಡಿದ್ದರು, ಕೆಳಗಿನ ಎರಡು ಕೋಣೆ ನನಗೆ ಬಾಡಿಗೆಗೆ. ಗಾಳಿಗೆ ಎದುರಾಗಿ ಬಾಗಿಲು ತೆಗೆಯುವಾಗ ಎರಡು ಕೈಯಲ್ಲೂ ಹಿಡಿಯಬೇಕು ಅಂತ ಮೊದಲ ಪಾಠ ಹೇಳಿ, "ಇದು ನೈರುತ್ಯದ್ದು, ಏಳು ಇರಬಹುದು, ರಾತ್ರಿ ತಿರುಗುತ್ತೆ" ಅಂದರು. ಆ್ಯಪ್ ನೋಡದೆ, ಕಿಟಕಿಯನ್ನೂ ನೋಡದೆ. ಆಮೇಲೆ ಗೊತ್ತಾಯಿತು, ಅವರು ಊರ ಹಿಂದಿನ ಗುಡ್ಡದ ಮೇಲಿನ ಹವಾಮಾನ ವೀಕ್ಷಣಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. 1921ರಲ್ಲಿ ಶುರುವಾದ ಕೇಂದ್ರ ಅದು. ಮಧ್ಯಾಹ್ನಕ್ಕೊಂದು, ಮಧ್ಯರಾತ್ರಿಗೊಂದು ಬಲೂನು ಮೇಲಕ್ಕೆ ಹೋಗಿ, ಒತ್ತಡ, ಉಷ್ಣತೆ, ತೇವ ಎಷ್ಟೆಷ್ಟು ಅಂತ ರೇಡಿಯೋದಲ್ಲಿ ಕೆಳಕ್ಕೆ ಹೇಳುತ್ತಾ ಏರಿ ಒಡೆಯುತ್ತದೆ.

ಆಫೀಸಿನಲ್ಲಿ ನಮ್ಮ ಸಾಫ್ಟ್‌ವೇರಿಗೆ ಹವಾಮಾನ ಅಂದರೆ ಒಂದು ಗುಣಾಂಕ. 1.2. ಚಳಿಗಾಲದಲ್ಲಿ ಸಾಮಾನು ಬರುವುದು ಶೇಕಡಾ ಇಪ್ಪತ್ತು ತಡ ಅಂತ ಅರ್ಥ. ಅದನ್ನು ಸಂಜೆ ಓನರ್‌ಗೆ ಹೇಳಿದೆ. ಅವರು ನಗಲಿಲ್ಲ. "ಯಾವ ದ್ವೀಪಕ್ಕೆ?" ಅಂತ ಕೇಳಿದರು.

ಈ ಪ್ರಶ್ನೆಯ ಭಾರ ಗೊತ್ತಾಗೋಕೆ ನನಗೆ ಎರಡು ವಾರ ಬೇಕಾಯಿತು. ಶೆಟ್ಲೆಂಡಿನಲ್ಲಿ ನೀವು ಎಲ್ಲೇ ನಿಂತರೂ ಸಮುದ್ರ ಮೂರು ಮೈಲಿಗಿಂತ ಹೆಚ್ಚು ದೂರ ಇರುವುದಿಲ್ಲ. ಬೇಸಿಗೆಯಲ್ಲಿ ಆಗ್ನೇಯದ ಗಾಳಿ ಬೀಸಿದರೆ ಪೂರ್ವದ ಬದಿಗೆ ಕಡಲಿನ ಮಂಜು ಕವಿದು ಎದುರಿನ ಮನೆ ಕಾಣುವುದಿಲ್ಲ, ಅದೇ ಹೊತ್ತಿಗೆ ಪಶ್ಚಿಮದ ಬದಿಯಲ್ಲಿ ಬಿಸಿಲು. ಎರಡಕ್ಕೂ ನಡುವೆ ಅರ್ಧ ಗಂಟೆ ಕಾರಿನ ದಾರಿ. ಇಡೀ ಜಗತ್ತಿನ ಹವೆಯನ್ನು ಒಟ್ಟಿಗೆ ಲೆಕ್ಕ ಹಾಕುವ ಯುರೋಪಿನ ದೊಡ್ಡ ಮಾಡೆಲ್ ಭೂಮಿಯನ್ನು ಸುಮಾರು 9 ಕಿಲೋಮೀಟರಿನ ಚೌಕಗಳಾಗಿ ಕತ್ತರಿಸಿಕೊಳ್ಳುತ್ತದೆ. ದಕ್ಷಿಣದಲ್ಲಿರುವ ಫೇರ್ ಐಲ್ ಅನ್ನೋ ದ್ವೀಪ ಹೆಚ್ಚೆಂದರೆ 5 ಕಿಲೋಮೀಟರ್ ಉದ್ದ. ಆ ಮಾಡೆಲ್ಲಿನ ಕಣ್ಣಿಗೆ ಅದು ಹೆಚ್ಚುಕಡಿಮೆ ಬರೀ ನೀರು. ಬ್ರಿಟನ್ನಿಗಾಗಿಯೇ ಇರುವ ಒಂದೂವರೆ ಕಿಲೋಮೀಟರಿನ ಮಾಡೆಲ್ ಇನ್ನೂ ಸೂಕ್ಷ್ಮ, ನಿಜ. ಆದರೂ ಯಾವ ಗುಡ್ಡ ಯಾವ ಗಾಳಿಯನ್ನು ತಡೆಯುತ್ತದೆ, ಯಾವ ಕೊಲ್ಲಿಯ ಬಾಯಲ್ಲಿ ಅಲೆ ಎದ್ದು ನಿಲ್ಲುತ್ತದೆ ಅನ್ನೋದನ್ನು ಕೊನೆಗೆ ಒಬ್ಬ ಮನುಷ್ಯನೇ ಸೇರಿಸಿ ಹೇಳಬೇಕು. ಅದೇ ಫೇರ್ ಐಲ್‌ನಲ್ಲಿ ಕೆಲವೇ ಜನ ಇದ್ದಾರೆ, ಚಳಿಗಾಲದಲ್ಲಿ ವಾರಕ್ಕೊಂದು ದೋಣಿ, ಅದೂ ಹವೆ ಒಪ್ಪಿದರೆ. ಅವರ ಅಕ್ಕಿಬೇಳೆ ಬರುವುದು ಅದರಲ್ಲೇ.

(ಬೆಂಗಳೂರಿನಲ್ಲಿ ಆ್ಯಪ್ "ಶುಭ್ರ ಆಕಾಶ" ಅಂತ ತೋರಿಸುವಾಗ ಮಾರತ್‌ಹಳ್ಳಿ ಬ್ರಿಜ್ಜಿನ ಕೆಳಗೆ ಮೊಣಕಾಲುದ್ದ ನೀರಿನಲ್ಲಿ ಬೈಕು ತಳ್ಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.)

ಓನರ್ ಹತ್ತಿರ ಒಂದು ಹಳೇ ರೇಡಿಯೋ ಇತ್ತು. ಆಗ ದಿನಕ್ಕೆ ನಾಲ್ಕು ಸಲ ಬಿಬಿಸಿಯಲ್ಲಿ ಹಡಗುಗಳಿಗಾಗಿ ಹವಾಮಾನ ಓದುತ್ತಿದ್ದರು. ಬ್ರಿಟನ್ನಿನ ಸುತ್ತಲ ಕಡಲನ್ನು 31 ಭಾಗ ಮಾಡಿ ಪ್ರತಿಯೊಂದಕ್ಕೂ ಹೆಸರಿಟ್ಟಿದ್ದಾರೆ. ವೈಕಿಂಗ್, ಫಾರ್ಟೀಸ್, ಡಾಗರ್, ಜರ್ಮನ್ ಬೈಟ್ ಅಂತ ಗಡಿಯಾರದ ಮುಳ್ಳಿನಂತೆ ಸುತ್ತಿಕೊಂಡು ಹೋಗಿ ಕೊನೆಗೆ ಆಗ್ನೇಯ ಐಸ್‌ಲೆಂಡಿಗೆ ನಿಲ್ಲುತ್ತದೆ. ಶೆಟ್ಲೆಂಡ್ ಬರುವುದು ಫೇರ್ ಐಲ್ ಭಾಗದಲ್ಲಿ, ಇಪ್ಪತ್ತೊಂಬತ್ತನೇ ಹೆಸರು. ಒಟ್ಟು ಮಾತು ಮುನ್ನೂರ ಎಂಬತ್ತು ಪದ ದಾಟಬಾರದು. ಹಾಗಾಗಿ ಪ್ರತಿ ಪದಕ್ಕೂ ತೂಕ. "ಸನ್ನಿಹಿತ" ಅಂದರೆ ಆರು ಗಂಟೆಯೊಳಗೆ. "ಬೇಗ" ಅಂದರೆ ಆರರಿಂದ ಹನ್ನೆರಡು ಗಂಟೆ. "ಆಮೇಲೆ" ಅಂದರೆ ಹನ್ನೆರಡು ಗಂಟೆ ಕಳೆದು. ನೋಟ "ಚೆನ್ನಾಗಿದೆ" ಅಂದರೆ ಐದು ನಾಟಿಕಲ್ ಮೈಲಿಗಿಂತ ದೂರ ಕಾಣುತ್ತದೆ ಅಂತಲೇ ಅರ್ಥ, ಓದುವವರ ಮೂಡು ಚೆನ್ನಾಗಿದೆ ಅಂತಲ್ಲ. ಕ್ಲೈಂಟಿಗೆ "ಬೇಗ ಕಳಿಸ್ತೇವೆ" ಅಂತ ಬರೆದು ಎರಡು ವಾರ ಸುಮ್ಮನಿರುವ ಜಾತಿ ನಮ್ಮದು. ಇದನ್ನು ಕೇಳಿ ನನಗೆ ಸ್ವಲ್ಪ ಭಯವೇ ಆಯಿತು.

ಅಪ್ಪಯ್ಯನಿಗೆ ಇದೆಲ್ಲ ಹೇಳಿದೆ. ಆ ದಿನದ ಕಾಲ್ ಹದಿನಾಲ್ಕು ನಿಮಿಷ. ಅಮ್ಮ ಪಕ್ಕದಲ್ಲಿ "ಎಂತ ಆಯ್ತ್? ಯಾರಿಗ್ ಎಂತ ಆಯ್ತ್?" ಅಂತ ಗಾಬರಿಯಾಗಿ ಕೇಳುತ್ತಿದ್ದುದು ಕೇಳಿಸುತ್ತಿತ್ತು.

ಆಮೇಲೆ ಅದೊಂದು ಕ್ರಮವೇ ಆಯಿತು. ಆ ನಾಲ್ಕು ಓದುಗಳಲ್ಲಿ ಒಂದು ರಾತ್ರಿ 12.48ಕ್ಕೆ. ಆಗ ಗಂಗೊಳ್ಳಿಯಲ್ಲಿ ಬೆಳಿಗ್ಗೆ 6.18. ಕಡಲು ಬಿಟ್ಟು ಅಷ್ಟು ವರ್ಷವಾದರೂ ಅಪ್ಪಯ್ಯ ನಾಲ್ಕಕ್ಕೇ ಏಳುವವರು. ನಾನು ಮಲಗುವ ಮೊದಲು ರೇಡಿಯೋ ಕೇಳಿ ಫೋನ್ ಮಾಡುವುದು, ಅವರು ಬಾವಿಕಟ್ಟೆಯ ಹತ್ತಿರ ನಿಂತು ಕೇಳುವುದು. ಗಾಳಿ ಯಾವ ಬದಿಯಿಂದ ಯಾವ ಬದಿಗೆ ತಿರುಗುತ್ತದೆ ಅನ್ನೋದರ ಮೇಲೆ ಅವರಿಗೆ ಎಲ್ಲಿಲ್ಲದ ಆಸಕ್ತಿ. ಒತ್ತಡ "ಬೇಗ ಇಳಿಯುತ್ತಿದೆ" ಅಂದರೆ, "ಹಂಗಾರೆ ನಾಳೆ ಹೊರ್ಗೆ ಹೋಯ್ಬೇಡ" ಅನ್ನೋರು. ನಾನು ಹೋಗುವುದು ಕಾರಿನಲ್ಲಿ ಆಫೀಸಿಗೆ. ಆದರೂ "ಆಯ್ತ್" ಅನ್ನುತ್ತಿದ್ದೆ.

ಗಾಳಿಯ ಅಂಕೆ ಅವರಿಗೆ ಬಹಳ ಹಿಡಿಸಿತು. 1805ರಲ್ಲಿ ಬ್ಯೂಫೋರ್ಟ್ ಅನ್ನೋ ನೌಕಾಧಿಕಾರಿ ಸೊನ್ನೆಯಿಂದ ಹನ್ನೆರಡರವರೆಗೆ ಗಾಳಿಯನ್ನು ಅಳೆಯುವ ಕ್ರಮ ಮಾಡಿದ. ಉಪಕರಣ ಬೇಕಿಲ್ಲ, ಹಾಯಿ ಎಷ್ಟು ಬಿಚ್ಚಬಹುದು, ಅಲೆಯ ತಲೆ ಹೇಗೆ ಒಡೆಯುತ್ತದೆ ಅಂತ ನೋಡಿ ಹೇಳುವುದು. ನೆಲದ ಮೇಲಿನವರಿಗೆ ಆಮೇಲೆ ಮರಗಳ ಲೆಕ್ಕ ಸೇರಿತು, ಎಂಟಕ್ಕೆ ಸಣ್ಣ ರೆಂಬೆ ಮುರಿಯುತ್ತದೆ ಅಂತ. ಶೆಟ್ಲೆಂಡಿನಲ್ಲಿ ಮರಗಳೇ ಇಲ್ಲವೆನ್ನಬೇಕು. "ಎಂಟಕ್ಕೆ ನಮ್ಮಲ್ಲಿ ಮುರಿಯೋಕೆ ಏನೂ ಇಲ್ಲ, ಅದಕ್ಕೇ ಯಾರೂ ಎಂಟನ್ನು ಲೆಕ್ಕಕ್ಕೆ ತಗೊಳ್ಳಲ್ಲ" ಅಂದರು ಓನರ್. ಜನವರಿಯ ಕೊನೆಯ ಮಂಗಳವಾರ ಊರಿಗೆ ಊರೇ ಪಂಜು ಹಿಡಿದು ಮೆರವಣಿಗೆ ಹೋಗಿ ಒಂದು ದೋಣಿಯನ್ನು ಸುಡುವ ಹಬ್ಬವಿದೆ. ಹವಾಮಾನದ ಕಾರಣಕ್ಕೆ ಅದನ್ನು ಮುಂದೂಡುವುದಿಲ್ಲ ಅನ್ನೋದೇ ಅದರ ನಿಯಮ. ವರ್ಷವಿಡೀ ಗಾಳಿಯ ಮಾತು ಕೇಳುವವರು ಒಂದು ದಿನ ಕೇಳುವುದಿಲ್ಲ.

ಒಂದು ರಾತ್ರಿ ರೇಡಿಯೋದಲ್ಲಿ "ಫಿಟ್ಜ್‌ರಾಯ್" ಅಂತ ಬಂತು. ಹತ್ತೊಂಬತ್ತನೇ ಹೆಸರು, ಸ್ಪೇನಿನ ಕಡೆಯ ಕಡಲು. ಜಾಗದ ಹೆಸರುಗಳ ನಡುವೆ ಇದೊಂದು ಮನುಷ್ಯನ ಹೆಸರು ಯಾಕೆ ಅಂತ ಕೇಳಿದೆ. ಡಾರ್ವಿನ್ನನನ್ನು ಬೀಗಲ್ ಹಡಗಿನಲ್ಲಿ ಕರೆದುಕೊಂಡು ಹೋದ ಕ್ಯಾಪ್ಟನ್ ಇವನೇ. 1854ರಲ್ಲಿ ಬ್ರಿಟನ್ನಿನ ಹವಾಮಾನ ಕಚೇರಿ ಶುರುವಾದದ್ದು ಇವನಿಂದ. ಬಡ ಮೀನುಗಾರರ ಊರುಗಳಿಗೆ ವಾಯುಭಾರಮಾಪಕ ಕೊಡಿಸಿದ. 1859ರ ಅಕ್ಟೋಬರಿನಲ್ಲಿ ರಾಯಲ್ ಚಾರ್ಟರ್ ಅನ್ನೋ ಹಡಗು ಬಿರುಗಾಳಿಗೆ ಸಿಕ್ಕಿ 450ಕ್ಕೂ ಹೆಚ್ಚು ಜನ ಸತ್ತ ಮೇಲೆ, ಊರೂರಿಂದ ತಂತಿ ತರಿಸಿಕೊಂಡು 1861ರಲ್ಲಿ ಬಿರುಗಾಳಿಯ ಎಚ್ಚರಿಕೆ ಕೊಡತೊಡಗಿದ. ಬಂದರಿನ ಕಂಬದ ಮೇಲೆ ಶಂಕುವನ್ನೋ ಉರುಳೆಯನ್ನೋ ಏರಿಸಿದರೆ ಹೋಗಬೇಡಿ ಅಂತ ಅರ್ಥ. ನಮ್ಮ ದೇಶದ ಬಂದರುಗಳಲ್ಲಿ "ಮೂರನೇ ನಂಬರಿನ ಸಂಕೇತ ಏರಿಸಲಾಗಿದೆ" ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಅದೂ ಅದೇ ವಂಶದ್ದು. ಭವಿಷ್ಯ ನುಡಿಯುವುದು ಬೇರೆ, ಇದು ಬೇರೆ ಅಂತ ತೋರಿಸಲು "ಫೋರ್‌ಕಾಸ್ಟ್" ಅನ್ನೋ ಪದವನ್ನು ಹವಾಮಾನಕ್ಕೆ ಹಚ್ಚಿದವನೂ ಅವನೇ.

ಹೇಳಿದ್ದು ತಪ್ಪಿದಾಗ ಪೇಪರುಗಳು ನಕ್ಕವು. ದೋಣಿಗಳು ದಡದಲ್ಲೇ ನಿಂತು ನಷ್ಟವಾಗುತ್ತದೆ ಅಂತ ದೋಣಿಯ ಧಣಿಗಳು ಸಿಟ್ಟಾದರು. 1865ರ ಏಪ್ರಿಲ್ 30ರಂದು ಅವನು ತನ್ನ ಪ್ರಾಣ ತಾನೇ ತೆಗೆದುಕೊಂಡ. ಮರುವರ್ಷ ಎಚ್ಚರಿಕೆಗಳನ್ನೇ ನಿಲ್ಲಿಸಿದರು. ಅದು ಬಹಳ ಕಾಲ ನಡೆಯಲಿಲ್ಲ, ಕಡಲಿಗೆ ಹೋಗುವವರಿಗೆ ಅವು ಬೇಕಿದ್ದವು. 2002ರಲ್ಲಿ ಒಂದು ಕಡಲಭಾಗಕ್ಕೆ ಅವನ ಹೆಸರಿಟ್ಟರು.

ಬೆಳಿಗ್ಗೆ ಇದನ್ನು ಅಪ್ಪಯ್ಯನಿಗೆ ಹೇಳಿದಾಗ ಅವರು ಅವನ ಪರ ನಿಲ್ಲಲಿಲ್ಲ. "ಬ್ಯಾಡ ಅಂದೇಳಿ ಹೇಳುಕೆ ಎಂತ? ಮನಿಯಗೆ ಅಕ್ಕಿ ಇಲ್ದೇ ಇಪ್ಪುದ್ ನಮ್ಗೆ" ಅಂದರು. ಸ್ವರ ಸ್ವಲ್ಪ ಬಿರುಸಾಗಿತ್ತು. ಆ ದಿನದ ಕಾಲ್ ಎರಡೇ ನಿಮಿಷಕ್ಕೆ ಮುಗಿಯಿತು.

ಫೆಬ್ರವರಿಯ ಒಂದು ಭಾನುವಾರ ಓನರ್ ತಮ್ಮ ಹುಟ್ಟೂರಿಗೆ ಕರೆದುಕೊಂಡು ಹೋದರು. ಉತ್ತರಕ್ಕೆ ಕಾರಿನಲ್ಲಿ ಹೋಗಿ ಇಪ್ಪತ್ತು ನಿಮಿಷದ ಬಾರ್ಜ್ ದಾಟಿದರೆ ಯೆಲ್ ದ್ವೀಪ. ಅದರ ಉತ್ತರದ ತುದಿಯಲ್ಲಿ ಗ್ಲೂಪ್. ಅಲ್ಲಿ ಗುಡ್ಡದ ಇಳಿಜಾರಿನಲ್ಲಿ ಕಲ್ಲಿನ ಒಬ್ಬ ಹೆಂಗಸು, ಕೈಯಲ್ಲಿ ಮಗು, ಕಡಲಿನ ಕಡೆ ನೋಡುತ್ತಾ ನಿಂತಿದ್ದಾಳೆ. 1881ರ ಜುಲೈ 20. ನಡು ಬೇಸಿಗೆ. ಆರು ಹುಟ್ಟಿನ ತೆರೆದ ದೋಣಿಗಳಲ್ಲಿ ದೂರದ ಆಳ ಕಡಲಿಗೆ ಹೋಗಿದ್ದರು. ಇದ್ದಕ್ಕಿದ್ದಂತೆ ಎದ್ದ ಬಿರುಗಾಳಿಗೆ ಹತ್ತು ದೋಣಿ, 58 ಜನ. ಹೆಚ್ಚಿನವರು ಈ ಅಕ್ಕಪಕ್ಕದ ಊರುಗಳವರೇ. ನಾನು ಫೋಟೋ ತೆಗೆದು ಅಮ್ಮನ ವಾಟ್ಸಾಪಿಗೆ ಕಳಿಸಿದೆ. ಏನೋ ಒಂದು ಕಳಿಸುವ ಅಭ್ಯಾಸ, ಯೋಚನೆ ಮಾಡಿ ಕಳಿಸಿದ್ದಲ್ಲ.

ರಾತ್ರಿ 12.48ಕ್ಕೆ ಮೊದಲೇ ಫೋನ್ ಬಂತು. ಅವರಾಗಿಯೇ ಮಾಡಿದ್ದು ಅದೇ ಮೊದಲು.

"ಆ ಹೆಂಗ್ಸ್ ಯಾರ್?"

ಹೇಳಿದೆ. ಸುಮ್ಮನಿದ್ದರು. ಆಮೇಲೆ ಕೇಳಿದರು: "ಈಗ ಅಲ್ಲ್ ರೇಡಿಯೋದಗೆ ಬ್ಯಾಡ ಅಂದ್ರೆ, ಜನ ಹೋತಿಲ್ಯಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಅವರೇ ಮುಂದುವರಿಸಿದರು. "ಆ ತಿಂಗ್ಳಗೆ ನಾಕ್ ಸಲ ಹೇಳಿದ್ರ್, ಹೋಪುಕಾಗ ಅಂದೇಳಿ. ನಾಕ್ ಸಲುವೂ ಎಂತ ಆಯ್ಲಿಲ್ಲೆ. ಐದ್ನೇ ಸಲ ಅವ ಕೇಂಡ, ಹೋಪುದಾ ಬ್ಯಾಡ್ದಾ? ನಂಗೆ ಜ್ವರ. ಮಲ್ಕಂಡಲ್ಲಿಂದ್ಲೇ ಹೇಳ್ದೆ, ಹೋಯಿ ಬಾ ಅಂದೇಳಿ."

ಅವ ಅಂದರೆ ಚಿಕ್ಕಪ್ಪ. ವಾಪಸು ಬರುವಾಗ ಅಳಿವೆಯ ಬಾಯಲ್ಲಿ ದೋಣಿ ಮಗುಚಿತ್ತು. ಇಬ್ಬರು ಈಜಿ ದಡ ಸೇರಿದರು. ಚಿಕ್ಕಪ್ಪ ಸೇರಲಿಲ್ಲ. ಇಷ್ಟು ನನಗೆ ಗೊತ್ತಿತ್ತು. ಕೇಳಿ ಹೋಗಿದ್ದ ಅನ್ನೋದು ಗೊತ್ತಿರಲಿಲ್ಲ. ಬಹುಶಃ ಅಮ್ಮನಿಗೂ ಗೊತ್ತಿರಲಿಲ್ಲ.

ಏನು ಹೇಳಬೇಕು ಅಂತ ತೋಚದೆ, "ಕೇಳಿ ಹೇಳ್ತೆ" ಅಂದುಬಿಟ್ಟೆ. ಕ್ಲೈಂಟ್ ಕಾಲಿನಲ್ಲಿ ಹೇಳಿದ ಹಾಗೆ.

ಮರುದಿನ ಸಂಜೆ ಓನರ್‌ನ ಕೇಳಿದೆ. "ಕೆಲವರು ಹೋಗ್ತಾರೆ" ಅಂದರು. ಎದ್ದು ಒಳಗಿಂದ ಒಂದು ನೋಟ್‌ಬುಕ್ ತಂದರು. ನಿವೃತ್ತಿಯಾದ ಮೇಲೂ ಪ್ರತಿ ರಾತ್ರಿ ಮರುದಿನದ ಹವೆ ತಮ್ಮದೇ ಲೆಕ್ಕದಲ್ಲಿ ಬರೆದಿಟ್ಟು, ಮರುದಿನ ನೋಡಿ ಗುರುತು ಹಾಕುತ್ತಾರೆ. ಬೀದಿಯವರು, ದೋಣಿಯವರು ಬಂದು ಕೇಳಿದರೆ ಅದನ್ನೇ ಹೇಳುತ್ತಾರೆ. ಗಾಳಿ ಬರುತ್ತೆ ಅಂದು ಬರದಿದ್ದರೆ ನೀಲಿ ಗೀಟು. ಬರಲ್ಲ ಅಂದು ಬಂದರೆ ಕೆಂಪು. ಕೆಂಪು ಕಡಿಮೆ, ನೀಲಿ ಹೆಚ್ಚು. ನಾನು ನನ್ನ ವೃತ್ತಿಯ ಕಣ್ಣಿನಲ್ಲಿ ನೋಡಿದೆ. ನಮ್ಮ ಮಾಡೆಲ್ಲಿನಲ್ಲಿ ತಪ್ಪನ್ನು ವರ್ಗ ಮಾಡಿ ಕೂಡುತ್ತೇವೆ. ವರ್ಗ ಮಾಡಿದರೆ ಋಣವೂ ಧನವೇ, ಹೆಚ್ಚು ಹೇಳಿದ್ದಕ್ಕೂ ಕಡಿಮೆ ಹೇಳಿದ್ದಕ್ಕೂ ಒಂದೇ ಅಂಕ. ಇಲ್ಲಿ ಎರಡು ಬಣ್ಣ. ಕೆಂಪು ಆಗದಿರಲಿ ಅಂತಲೇ ಅವರು ಬೇಕೆಂದು ನೀಲಿಯ ಕಡೆ ವಾಲುತ್ತಾರೆ ಅಂದುಕೊಂಡೆ, ಹಾಗೇ ಕೇಳಿದೆ.

"ಹೌದು. ಆದರೆ ನೀಲಿ ಜಾಸ್ತಿ ಆದಷ್ಟೂ ನಾಳೆ ನನ್ನ ಮಾತು ಯಾರೂ ಕೇಳಲ್ಲ" ಅಂದರು. "ಅದಕ್ಕೇ ನೀಲಿ ಬಿದ್ದ ದಿನ ಅಂಗಡಿಗೆ ಹೋಗಿ ನಾನೇ ಹೇಳಿ ಬರ್ತೇನೆ, ನಿನ್ನೆ ತಪ್ಪಿತು, ಯಾಕೆ ತಪ್ಪಿತು ಅಂತ. ಬೈತಾರೆ. ಬೈದವರು ಮತ್ತೆ ಬಂದು ಕೇಳ್ತಾರೆ."

ಆ ತಿಂಗಳ ಹಾಳೆಯಲ್ಲಿ ಎಷ್ಟು ಗೀಟು ಅಂತ ಎಣಿಸಿದೆ. ಹತ್ತು ನೀಲಿ, ಒಂದು ಕೆಂಪು.

ರಾತ್ರಿ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಕೆಲವರು ಹೋಗ್ತಾರಂತೆ, ಅಪ್ಪಯ್ಯ. ನಮ್ಮ ಓನರ್ ಹನ್ನೊಂದು ಸಲ ತಪ್ಪಿದ್ದಾರೆ, ಬರೆದಿಟ್ಟಿದ್ದಾರೆ.

"ಹನ್ನೊಂದ್ ಸಲ ತಪ್ಪಿರೂ ಬರಿತ್ರಾ?"

"ಬರಿತ್ರ್. ಹೋಯಿ ಹೇಳಿಯೂ ಬತ್ರ್."

ಅಪ್ಪಯ್ಯ ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. "ಅಮ್ಮಂಗೆ ಕೊಡ್ತೆ" ಅಂದರು. ಕೊಡಲಿಲ್ಲ. ಬಾವಿಯ ರಾಟೆಯ ಸದ್ದು, ಯಾರದೋ ಮನೆಯ ನಾಯಿ. ನನ್ನ ಕಡೆ ಗಾಳಿ. ಗಡಿಯಾರ ನೋಡಿದೆ, 12.46.

"ಇಡ್ಬೇಡ" ಅಂದರು. "ಈಗ ಹೇಳ್ತ್ರಲ್ದಾ, ಹಾಂಗೇ ಕೇಣಿಸ್."

ಸ್ಪೀಕರ್ ಹಾಕಿ ಫೋನನ್ನು ರೇಡಿಯೋದ ಮುಂದಿಟ್ಟೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಹೆಸರು ಮಾತ್ರ ಹೇಳಿಕೊಟ್ಟಿದ್ದೆ. ವೈಕಿಂಗ್‌ನಿಂದ ಶುರುವಾಯಿತು. ಡೋವರ್ ದಾಟಿತು, ಬಿಸ್ಕೆ ದಾಟಿತು. ಫಿಟ್ಜ್‌ರಾಯ್ ಅಂದಾಗ ಆ ಕಡೆಯಿಂದ "ಹಾಂ" ಅಂತ ಒಂದು ಸಣ್ಣ ಸದ್ದು ಬಂತು. ಶಾನನ್, ರಾಕಾಲ್, ಮಾಲಿನ್, ಹೆಬ್ರಿಡೀಸ್, ಬೈಲಿ.

"ಈಗ ಬಪ್ಪುದಾ?" ಅಂದರು.

"ಈಗ್ಲೇ" ಅಂದೆ.